ಹುಳ ಸಿಗದ ಗೂಡು

(ಶ್ವಾಸಕೋಶದ ಸಾರ್ಕಾಯ್ಡೋಸಿಸ್ ಬಗ್ಗೆ ಶಿಡ್ಲಘಟ್ಟದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೀರಿ, ಇಲ್ಲವೇ ನೂಲು ಬಿಚ್ಚುತ್ತೀರಿ. ಹಾಗಾಗಿ ಗೂಡಿನಿಂದಲೇ ಶುರು ಮಾಡುತ್ತೇನೆ. ಮಾರುಕಟ್ಟೆಯಲ್ಲಿ ರೀಲರ್ ಒಂದು ಗೂಡು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಅಲ್ವಾ? ಒಳಗೆ ಕಟಕಟ ಅಂದರೆ ಗೂಡು ಚೆನ್ನಾಗಿದೆ ಅಂತ. ಸದ್ದು ಬರದಿದ್ದರೆ ಹುಳ ಒಳಗೇ ಸತ್ತು ಗೋಡೆಗೆ ಅಂಟಿದೆ ಅಂತ. ಬದುಕಿರಲಿ, ಸತ್ತಿರಲಿ, ಗೂಡು ಅಂದಮೇಲೆ ಒಳಗೆ ಹುಳ ಇದ್ದೇ ಇರಬೇಕು.

ನಾನು ಇವತ್ತು ಹೇಳುವ ಕಾಯಿಲೆಯಲ್ಲಿ ಶ್ವಾಸಕೋಶದೊಳಗೆ ಗೂಡು ಕಟ್ಟುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕ ಗೂಡು. ಒಂದಲ್ಲ, ಸಾವಿರಾರು. ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಹುಳ ಇಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಹುಡುಕುತ್ತಾ ಇದ್ದಾರೆ, ಇನ್ನೂ ಸಿಕ್ಕಿಲ್ಲ. ಇದರ ಹೆಸರು ಸಾರ್ಕಾಯ್ಡೋಸಿಸ್.

ಒಂದು ವ್ಯತ್ಯಾಸ ಈಗಲೇ ಹೇಳಿಬಿಡುತ್ತೇನೆ. ರೇಷ್ಮೆ ಹುಳ ಒಳಗೆ ಕೂತು ತನ್ನ ಸುತ್ತ ತಾನೇ ನೂಲು ಸುತ್ತಿಕೊಳ್ಳುತ್ತದೆ. ಇಲ್ಲಿ ಗೂಡು ಕಟ್ಟುವವರು ಹೊರಗಿನಿಂದ ಬರುತ್ತಾರೆ. ಅವರು ನಮ್ಮನ್ನು ಕಾಯುವ ಕಣಗಳೇ, ಅಂದರೆ ನಮ್ಮ ಮೈಯ ಜೀವಕೋಶಗಳೇ. ಯಾವುದೋ ಒಂದನ್ನು ಹಿಡಿದು ಕೂಡಿಹಾಕಬೇಕು ಅಂತ ಬರುತ್ತಾರೆ, ಸುತ್ತ ಕಟ್ಟುತ್ತಾರೆ. ಆಮೇಲೆ ಕೆಲವರಲ್ಲಿ ತಾವಾಗೇ ಚದುರಿ ಹೋಗುತ್ತಾರೆ. ಇನ್ನು ಕೆಲವರಲ್ಲಿ ಹೋಗುವುದೇ ಇಲ್ಲ. ಕಾಯಿಲೆಯ ಕಥೆಯೆಲ್ಲ ಈ ಹೋಗುವುದು, ಹೋಗದಿರುವುದರಲ್ಲೇ ಇದೆ.

ಒಬ್ಬ ಹೆಣ್ಣುಮಗಳ ಬಗ್ಗೆ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಹೆಸರು ಬೇಡ. ವಯಸ್ಸು 38. ಇಲ್ಲೇ ಹತ್ತಿರದ ಒಂದು ಹಳ್ಳಿಯವರು. ಬಿಚ್ಚಾಣಿಕೆ ಘಟಕದಲ್ಲಿ ಕೆಲಸ. ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಒಣ ಕೆಮ್ಮು, ಸುಸ್ತು, ಸಂಜೆ ಸ್ವಲ್ಪ ಮೈ ಬಿಸಿ, ತೂಕ ಇಳಿದಿದೆ. ಎಕ್ಸ್‌ರೇಯಲ್ಲಿ ಗಂಟುಗಳಿವೆ. ನಮ್ಮ ಕಡೆ ಇಷ್ಟು ಹೇಳಿದರೆ ನೀವೇ ಹೆಸರು ಹೇಳಿಬಿಡುತ್ತೀರಿ: ಟಿಬಿ. ಅವರಿಗೂ ಹಾಗೇ ಹೇಳಿದರು. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಮಾತ್ರೆ ಶುರುವಾಯಿತು. ಆರು ತಿಂಗಳು ನುಂಗಿದರು. ಕೆಮ್ಮು ಹೋಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡನೇ ಸಲದ ಮೂರನೇ ತಿಂಗಳಲ್ಲಿ ನನ್ನ ಹತ್ತಿರ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರೊಳಗೆ ಸುರುಳಿ ಸುತ್ತಿದ ಫಿಲ್ಮುಗಳು. ನಾನು ಬಾಯಿ ಬಿಡುವ ಮೊದಲೇ ಅಂದರು, ‘ಸಾರ್, ನಾನು ಒಂದು ಮಾತ್ರೆನೂ ಬಿಟ್ಟಿಲ್ಲ ಸಾರ್.’

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮಾತ್ರೆ ಸರಿಯಾಗಿ ನುಂಗಿಲ್ಲ ಅಂತ ಎಷ್ಟು ಜನ ಬೈದಿದ್ದರೆ ಆಕೆ ಬಾಗಿಲಲ್ಲೇ ಹಾಗೆ ಹೇಳಬೇಕು! ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಹಾಗೆ ಬೈದಿದ್ದೇನೆ. ಔಷಧಿ ಕೆಲಸ ಮಾಡದಿದ್ದರೆ ಮೊದಲು ರೋಗಿಯನ್ನು ಅನುಮಾನಿಸುತ್ತಿದ್ದೆ. ರೋಗದ ಹೆಸರನ್ನು ಅನುಮಾನಿಸಬೇಕು ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಚಿಂತಾಮಣಿ, ಶ್ರೀನಿವಾಸಪುರದ ಕಡೆಯಿಂದ ಕ್ಷಯದವರನ್ನು ಮದನಪಲ್ಲಿಯ ಆರೋಗ್ಯವರಂ ಕ್ಷಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. 1948ರಲ್ಲಿ ದೇಶದಲ್ಲಿ ಬಿಸಿಜಿ ಲಸಿಕೆ ಶುರುವಾದಾಗ ಮೊದಲು ಹಾಕಿದ ಜಾಗಗಳಲ್ಲಿ ಆ ಮದನಪಲ್ಲಿಯೂ ಒಂದು. ಇಂಥ ಸೀಮೆಯಲ್ಲಿ ಕೆಮ್ಮು ಕಂಡರೆ ಟಿಬಿ ಅನ್ನುವುದು ತಪ್ಪಲ್ಲ, ಮೊದಲು ಅದನ್ನೇ ನೋಡಬೇಕು. ಆದರೆ ನೋಡುವುದು ಬೇರೆ, ಅದೇ ಅಂತ ತೀರ್ಮಾನ ಮಾಡುವುದು ಬೇರೆ.

ಆಕೆಯ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಶ್ವಾಸಕೋಶದ ಎರಡೂ ಬಾಗಿಲುಗಳಲ್ಲಿ, ಅಂದರೆ ಗಾಳಿ ಕೊಳವೆ ಮತ್ತು ರಕ್ತನಾಳ ಒಳಗೆ ಹೋಗುವ ಜಾಗದಲ್ಲಿ, ದುಂಡಗೆ ಊದಿದ ಲಿಂಫ್ ಗಂಟುಗಳು, ಅಂದರೆ ಕಾಯುವ ಕಣಗಳು ಬಂದು ಸೇರುವ ಗಂಟುಗಳು. ಎಡಕ್ಕೂ ಬಲಕ್ಕೂ ಹೆಚ್ಚು ಕಡಿಮೆ ಒಂದೇ ಸಮ. ಎಕ್ಸ್‌ರೇ ಓದುವವರು ಇವಕ್ಕೆ ಆಲೂಗೆಡ್ಡೆ ಗಂಟು ಅಂತಲೇ ಹೇಳುತ್ತಾರೆ. ನಮ್ಮ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಬಳ್ಳಿ ಕಿತ್ತಾಗ ಎರಡೂ ಕಡೆ ಗೆಡ್ಡೆ ತೂಗುತ್ತವಲ್ಲ, ಹಾಗೆ. ಟಿಬಿಯ ಗಂಟು ಸಾಮಾನ್ಯವಾಗಿ ಒಂದು ಕಡೆ ಜಾಸ್ತಿ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹಾಗಂತ ಎಕ್ಸ್‌ರೇ ಒಂದನ್ನೇ ನಂಬಿ ಹೇಳಬಾರದು.

ಮಾಂಟೂ, ಅಂದರೆ ಟಿಬಿಗೆ ಚರ್ಮದಲ್ಲಿ ಮಾಡುವ ಪರೀಕ್ಷೆ, ಚುಚ್ಚಿದೆವು. ಮೂರನೇ ದಿನ ನೋಡಿದರೆ ಚರ್ಮದ ಮೇಲೆ ಏನೂ ಇಲ್ಲ, ಸೊಳ್ಳೆ ಕಚ್ಚಿದಷ್ಟೂ ಇಲ್ಲ. ಬಿಸಿಜಿ ಹಾಕಿಸಿಕೊಂಡು, ಟಿಬಿಯ ಊರಲ್ಲೇ ಬೆಳೆದವರಿಗೆ ಅಷ್ಟು ಸಪಾಟಾಗಿರುವುದು ನನಗೆ ಒಂದು ಸುಳಿವು. ಗಾಳಿ ಕೊಳವೆಯೊಳಗೆ ದುರ್ಬೀನು ಇಳಿಸಿ, ಗಂಟಿಗೆ ಸೂಜಿ ಹಾಕಿ ಚೂರು ತೆಗೆಸಿದೆವು. ವರದಿ ಬಂತು. ಒಳಗೆ ಗೂಡುಗಳಿವೆ, ಗ್ರಾನುಲೋಮ ಅಂತ ಅದರ ಹೆಸರು. ಟಿಬಿಯ ಗ್ರಾನುಲೋಮದ ನಡುವೆ ಹಲವು ಸಲ ಗಿಣ್ಣಿನ ಹಾಗೆ ಮೆತ್ತಗೆ ಸತ್ತ ಭಾಗ ಇರುತ್ತದೆ. ಇದರಲ್ಲಿ ಆ ಗಿಣ್ಣು ಇಲ್ಲ. ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಟಿಬಿ ಇಲ್ಲ. ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್‌ಗೆ 42 ದಿನ ಕಾದೆವು, ಏನೂ ಬೆಳೆಯಲಿಲ್ಲ.

ಆ 42 ದಿನ ಯಾಕೆ ಕಾದಿರಿ, ಕೆರಳಿದ ಕಣಗಳನ್ನು ತಣ್ಣಗೆ ಮಾಡುವ ಸ್ಟೆರಾಯ್ಡ್ ಬೇಗ ಕೊಡಬಹುದಿತ್ತಲ್ಲ ಅಂತ ನರ್ಸಿಂಗ್ ಮಕ್ಕಳು ಕೇಳಬಹುದು. ಟಿಬಿ ಇದ್ದವರಿಗೆ ಸುಮ್ನೆ ಸ್ಟೆರಾಯ್ಡ್ ಕೊಟ್ಟರೆ ಕಟ್ಟಿಹಾಕಿದ ರೋಗಾಣು ಬಿಚ್ಚಿಕೊಂಡು ಮೈಯೆಲ್ಲ ಹರಡಬಹುದು. ಆಕೆಗೆ ಉಸಿರಾಟಕ್ಕೆ ತೊಂದರೆ ಇರಲಿಲ್ಲ, ಕಾಯಲು ಸಮಯ ಇತ್ತು. ಕಾದೆವು.

ಈಗ ಗೂಡು ಕಟ್ಟುವವರ ವಿಷಯ. ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ನಮ್ಮ ಶ್ವಾಸಕೋಶದ ಗಾಳಿ ಗುಳ್ಳೆಗಳಲ್ಲಿ ಮ್ಯಾಕ್ರೋಫೇಜ್ ಅನ್ನುವ ಕಣಗಳು ಓಡಾಡಿಕೊಂಡಿರುತ್ತವೆ. ಗ್ರೀಕ್ ಭಾಷೆಯಲ್ಲಿ ದೊಡ್ಡ ತಿನ್ನುಗ ಅಂತ ಅರ್ಥ. ನಾವು ಉಸಿರಿನ ಜೊತೆ ಎಳೆದುಕೊಂಡ ಧೂಳು, ಹೊಗೆ, ರೋಗಾಣು ಎಲ್ಲವನ್ನೂ ತಿಂದು ಜೀರ್ಣಿಸುತ್ತವೆ. ಸಾಮಾನ್ಯವಾಗಿ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಜೀರ್ಣ ಆಗದ ಯಾವುದೋ ಒಂದು ವಸ್ತು ಬಂತು ಅಂದುಕೊಳ್ಳಿ. ಆಗ ಅದರ ಒಂದು ಚೂರನ್ನು ಡೆಂಡ್ರಿಟಿಕ್ ಕಣ ಅನ್ನುವ ಇನ್ನೊಂದು ಕಣ ಹೊತ್ತುಕೊಂಡು ಹತ್ತಿರದ ಲಿಂಫ್ ಗಂಟಿಗೆ ಹೋಗುತ್ತದೆ. ಅಲ್ಲಿ ಟಿ ಕಣಗಳಿಗೆ ಆ ಚೂರನ್ನು ತೋರಿಸುತ್ತದೆ. ಟಿ ಕಣಗಳಲ್ಲಿ ಸಿಡಿ4 ಅನ್ನುವ ಗುಂಪಿದೆ. ತಾವೇ ಹೋಗಿ ಹೊಡೆಯುವುದಕ್ಕಿಂತ, ಉಳಿದವರನ್ನು ಕೂಗಿ ಕರೆಯುವುದು ಇವರ ಕೆಲಸ. ಆ ಚೂರನ್ನು ಗುರುತು ಹಿಡಿದ ಸಿಡಿ4 ಕಣ ಒಂದು ಹತ್ತಾಗಿ, ಹತ್ತು ಸಾವಿರವಾಗಿ ಶ್ವಾಸಕೋಶಕ್ಕೆ ಬರುತ್ತದೆ. ನಾವು ಎಕ್ಸ್‌ರೇಯಲ್ಲಿ ನೋಡಿದ ಆಲೂಗೆಡ್ಡೆಗಳು ಇವೇ. ಗಂಟು ಊದಿದೆ ಅಂದರೆ ಒಳಗೆ ಈ ಕಣಗಳು ತುಂಬಿಕೊಂಡಿವೆ, ಗೂಡು ಕಟ್ಟುತ್ತಿವೆ ಅಂತ.

ಸಿಡಿ4 ಕಣ ಇಂಟರ್‌ಫೆರಾನ್ ಗಾಮಾ ಅನ್ನುವ ರಾಸಾಯನಿಕ ಬಿಡುತ್ತದೆ. ಅದು ಮ್ಯಾಕ್ರೋಫೇಜ್‌ಗೆ ತಾಗಿದರೆ ಅದು ಕೆರಳುತ್ತದೆ. ಕೆರಳಿದ ಮ್ಯಾಕ್ರೋಫೇಜ್ ಟಿಎನ್‌ಎಫ್ ಅನ್ನುವ ಇನ್ನೊಂದನ್ನು ಬಿಡುತ್ತದೆ. ಅದರಿಂದ ಇನ್ನಷ್ಟು ಕಣಗಳು ಬಂದು ಸೇರುತ್ತವೆ. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ, ಜನ ಸೇರುತ್ತಲೇ ಹೋಗುತ್ತದೆ.

ಆಗ ಮ್ಯಾಕ್ರೋಫೇಜ್‌ನ ಆಕಾರವೇ ಬದಲಾಗುತ್ತದೆ. ದುಂಡಗಿದ್ದದ್ದು ಉದ್ದವಾಗಿ, ಚಪ್ಪಟೆಯಾಗಿ, ಕಲ್ಲು ಕಟ್ಟಿದ ಹಾಗೆ ಒಂದರ ಪಕ್ಕ ಒಂದು ಒತ್ತಾಗಿ ನಿಲ್ಲುತ್ತದೆ. ಇದಕ್ಕೆ ಎಪಿಥೀಲಿಯಾಯ್ಡ್ ಕಣ ಅನ್ನುತ್ತೇವೆ. ತಿನ್ನುವುದು ಕಡಿಮೆ ಮಾಡಿ, ರಾಸಾಯನಿಕ ಬಿಡುವುದರಲ್ಲೇ ತೊಡಗುತ್ತದೆ. ಕೆಲವು ಒಂದಕ್ಕೊಂದು ಕರಗಿ ಸೇರಿ ದೈತ್ಯ ಕಣ ಆಗುತ್ತವೆ. ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡುವುದು ಒಂದು ಖುಷಿ. ಒಂದೇ ದೊಡ್ಡ ಕಣ, ಅಂಚಿನಲ್ಲಿ ಹತ್ತಿಪ್ಪತ್ತು ನ್ಯೂಕ್ಲಿಯಸ್‌ಗಳು ಎತ್ತಿನ ಲಾಳದ ಹಾಗೆ ಬಾಗಿ ಸಾಲಾಗಿ ನಿಂತಿರುತ್ತವೆ. ಈ ಗೋಡೆಯ ನಡುವೆ ಸಿಡಿ4 ಕಣಗಳು ಸೇರಿಕೊಂಡಿರುತ್ತವೆ. ಹೊರಗಿನ ಸುತ್ತಿನಲ್ಲಿ ಸಿಡಿ8 ಅನ್ನುವ ಇನ್ನೊಂದು ಗುಂಪು, ಕೆಲವು ಬಿ ಕಣಗಳು. ಅದಕ್ಕೂ ಆಚೆ ಫೈಬ್ರೋಬ್ಲಾಸ್ಟ್, ಅಂದರೆ ನಾರು ನೇಯುವ ಕಣಗಳು. ಈ ಕೊನೆಯವರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತಾರೆ.

ಮಾಂಟೂ ಯಾಕೆ ಸಪಾಟಾಗಿತ್ತು ಅಂತ ಈಗ ಅರ್ಥ ಆಗುತ್ತದೆ. ಮಾಂಟೂ ಚುಚ್ಚಿದ ಜಾಗಕ್ಕೂ ಇದೇ ಟಿ ಕಣಗಳು ಬರಬೇಕು. ಅವು ಶ್ವಾಸಕೋಶದಲ್ಲಿ ಜಮಾಯಿಸಿವೆ, ರಕ್ತದಲ್ಲಿ ಕಡಿಮೆ ಆಗಿವೆ. ಜೊತೆಗೆ ಸಮಾಧಾನ ಮಾಡುವ ಟಿ ಕಣಗಳೂ ಇರುತ್ತವೆ, ಟಿ-ರೆಗ್ ಅಂತ. ಅವು ಚರ್ಮದಲ್ಲಿ ಪ್ರತಿಕ್ರಿಯೆಯನ್ನು ತಣ್ಣಗೆ ಮಾಡುತ್ತವೆ, ಗೂಡಿನೊಳಗಿನ ಗಲಾಟೆಯನ್ನು ಮಾತ್ರ ನಿಲ್ಲಿಸಲಾರವು. ಕೈಯಲ್ಲಿ ಮೌನ, ಎದೆಯಲ್ಲಿ ಸಂತೆ.

ಆ ಸಂತೆಯನ್ನು ನಾವು ಎಣಿಸಲೂಬಹುದು. ದುರ್ಬೀನಿನ ಮೂಲಕ ಶ್ವಾಸಕೋಶದ ಒಂದು ಮೂಲೆಗೆ ನೂರು, ನೂರೈವತ್ತು ಎಂಎಲ್ ಉಪ್ಪುನೀರು ಬಿಟ್ಟು ಮತ್ತೆ ಹೀರಿಕೊಳ್ಳುತ್ತೇವೆ. ಆ ನೀರಿನಲ್ಲಿ ಕಣಗಳು ತೊಳೆದು ಬರುತ್ತವೆ. ಆರೋಗ್ಯವಂತರಲ್ಲಿ ನೂರಕ್ಕೆ 85ರಷ್ಟು ಮ್ಯಾಕ್ರೋಫೇಜ್‌ಗಳೇ. ಲಿಂಫೋಸೈಟ್‌ಗಳು, ಅಂದರೆ ಟಿ ಕಣದ ಜಾತಿಯವು, ಹತ್ತು ಹದಿನೈದು. ಸಾರ್ಕಾಯ್ಡೋಸಿಸ್‌ನಲ್ಲಿ ಈ ಲಿಂಫೋಸೈಟ್ ಏರುತ್ತದೆ, ಅದರಲ್ಲೂ ಸಿಡಿ4. ಒಂದು ಸಿಡಿ8ಕ್ಕೆ ಸುಮಾರು ಎರಡು ಸಿಡಿ4 ಇರಬೇಕಾದಲ್ಲಿ ಮೂರೂವರೆಗಿಂತ ಜಾಸ್ತಿ ಇದ್ದರೆ ನಮ್ಮ ಅನುಮಾನ ಗಟ್ಟಿ ಆಗುತ್ತದೆ. ಆದರೆ ಈ ಕಾಯಿಲೆ ಇದ್ದವರಲ್ಲಿ ಅರ್ಧದಷ್ಟು ಜನರಲ್ಲಿ ಮಾತ್ರ ಅಷ್ಟು ಏರುತ್ತದೆ. ಏರದಿದ್ದರೆ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ. ಪಾರಿವಾಳದ ಹಿಕ್ಕೆ, ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ಬರುವ ಇನ್ನೊಂದು ಶ್ವಾಸಕೋಶದ ಕಾಯಿಲೆಯಲ್ಲೂ ಲಿಂಫೋಸೈಟ್ ಏರುತ್ತದೆ. ಅದರಲ್ಲಿ ಹಲವು ಸಲ ಸಿಡಿ8ದೇ ಮೇಲುಗೈ.

ಈ ಕಾಯಿಲೆಯನ್ನು ಮೊದಲು ಗುರುತಿಸಿದವರು ಶ್ವಾಸಕೋಶದ ವೈದ್ಯರಲ್ಲ, ಚರ್ಮದವರು. 1869ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಬಳಿಗೆ ಕಲ್ಲಿದ್ದಲು ಇಳಿಸುವ ಕಟ್ಟೆಯ ಕೆಲಸಗಾರನೊಬ್ಬ ಬಂದಿದ್ದ. ಕೈಕಾಲಿನ ಮೇಲೆ ನೇರಳೆ ಬಣ್ಣದ ಗಂಟುಗಳು. 1899ರಲ್ಲಿ ನಾರ್ವೆಯ ಸೀಸರ್ ಬೆಕ್ ಒಬ್ಬ ಪೊಲೀಸಿನವನ ಚರ್ಮದ ಗಂಟನ್ನು ಕತ್ತರಿಸಿ ನೋಡಿದರು. ಸಾರ್ಕೋಮಾ ಅನ್ನುವ ಕ್ಯಾನ್ಸರ್‌ನ ಹಾಗಿದೆ, ಆದರೆ ಅದಲ್ಲ ಅಂತ ಸಾರ್ಕಾಯ್ಡ್ ಅಂದರು. ಸಾರ್ಕೋಮಾದ ಹಾಗಿರುವುದು ಅಂತ. ಹೆಸರು ಉಳಿದುಬಿಟ್ಟಿತು.

ನನ್ನನ್ನು ಜಾಸ್ತಿ ಸೆಳೆಯುವುದು ಅದೇ ನಾರ್ವೆಯ ಆನ್ಸ್‌ಗಾರ್ ಕ್ವೈಮ್. 1941ರಲ್ಲಿ ಅವರು ರೋಗಿಯೊಬ್ಬರ ಲಿಂಫ್ ಗಂಟನ್ನು ಅರೆದು, ಬೇರೆ ಸಾರ್ಕಾಯ್ಡೋಸಿಸ್ ರೋಗಿಗಳ ಚರ್ಮಕ್ಕೆ ಚುಚ್ಚಿದರು. ಕೆಲವು ವಾರ ಕಳೆದ ಮೇಲೆ ಅಲ್ಲಿ ಗಂಟು ಎದ್ದಿತು. ಕತ್ತರಿಸಿ ನೋಡಿದರೆ ಒಳಗೆ ಅದೇ ಗೂಡು. ಯೋಚನೆ ಮಾಡಿ. ಆ ಅರೆದ ಗಂಟಿನಲ್ಲಿ ಏನೋ ಇದೆ, ಅದನ್ನು ಕಂಡು ಕಣಗಳು ಮತ್ತೆ ಗೂಡು ಕಟ್ಟಿದವು. ಹುಳ ಅಲ್ಲೇ ಎಲ್ಲೋ ಇತ್ತು! ರೋಗ ಹರಡುವ ಭಯದಿಂದ ಈಗ ಆ ಪರೀಕ್ಷೆ ಮಾಡುವುದಿಲ್ಲ.

ಹುಳ ಸಿಕ್ಕ ಒಂದು ಸಂದರ್ಭವೂ ಇದೆ. 1940ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಟ್ಯೂಬ್‌ಲೈಟ್ ಮಾಡುವ ಕಾರ್ಖಾನೆಯ ಹುಡುಗಿಯರಿಗೆ ಥೇಟ್ ಇದೇ ಕಾಯಿಲೆ ಬಂತು. ಸಾರ್ಕಾಯ್ಡ್ ಅಂತಲೇ ಅಂದುಕೊಂಡರು. ಹ್ಯಾರಿಯೆಟ್ ಹಾರ್ಡಿ ಅನ್ನುವ ವೈದ್ಯೆ ಬೆನ್ನುಹತ್ತಿ ಹೋಗಿ, ಟ್ಯೂಬಿನೊಳಗೆ ಬಳಿಯುತ್ತಿದ್ದ ಪುಡಿಯಲ್ಲಿದ್ದ ಬೆರಿಲಿಯಂ ಅನ್ನುವ ಲೋಹ ಕಾರಣ ಅಂತ ತೋರಿಸಿದರು. ಒಂದೇ ಧೂಳು ಕುಡಿದ ಎಲ್ಲರಿಗೂ ಆ ಕಾಯಿಲೆ ಬರುವುದಿಲ್ಲ. ಚೂರನ್ನು ಎತ್ತಿ ತೋರಿಸುವ ಪ್ರೋಟೀನು ಹುಟ್ಟಿನಿಂದಲೇ ಒಂದು ಬಗೆಯಲ್ಲಿ ಇರುವವರಿಗೆ ಅಪಾಯ ಜಾಸ್ತಿ. ಸಾರ್ಕಾಯ್ಡೋಸಿಸ್‌ನಲ್ಲೂ ಹೀಗೇ ಇರಬೇಕು ಅಂತ ನಮ್ಮ ಎಣಿಕೆ. ಹೊರಗಿನ ಯಾವುದೋ ವಸ್ತು, ಜೊತೆಗೆ ಅದಕ್ಕೆ ಕೆರಳುವ ಮೈ. ನ್ಯೂಯಾರ್ಕ್‌ನಲ್ಲಿ 2001ರಲ್ಲಿ ಕಟ್ಟಡಗಳು ಕುಸಿದ ಮೇಲೆ ಆ ಧೂಳಿನಲ್ಲಿ ಕೆಲಸ ಮಾಡಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಈ ಕಾಯಿಲೆ ಹೆಚ್ಚಾಯಿತು. ಟಿಬಿ ರೋಗಾಣುವಿನ ಜಾತಿಯ ಪ್ರೋಟೀನಿನ ಚೂರುಗಳು ಕೆಲವು ರೋಗಿಗಳ ಗೂಡಿನಲ್ಲಿ ಸಿಕ್ಕಿವೆ. ಬದುಕಿರುವ ರೋಗಾಣು ಸಿಕ್ಕಿಲ್ಲ.

ಸಿಡಿ4 ಕಣವೇ ಇದರ ಮುಂದಾಳು ಅಂತ ಹೇಗೆ ಗೊತ್ತು? ಎಚ್‌ಐವಿ ಇದ್ದು ಸಿಡಿ4 ಬಹಳ ಇಳಿದವರಲ್ಲಿ ಸಾರ್ಕಾಯ್ಡೋಸಿಸ್ ಅಪರೂಪ. ಎಚ್‌ಐವಿಯನ್ನು ತಡೆಯುವ ಎಆರ್‌ಟಿ ಮಾತ್ರೆ ತೆಗೆದುಕೊಂಡು ಸಿಡಿ4 ಏರತೊಡಗಿದ ಮೇಲೆ ಕೆಲವರಲ್ಲಿ ಅದು ಕಾಣಿಸಿಕೊಂಡಿದೆ. ಕಾಮಾಲೆಯ ಹೆಪಟೈಟಿಸ್ ಸಿ ವೈರಸ್‌ಗೆ ಹಿಂದೆ ಇಂಟರ್‌ಫೆರಾನ್ ಚುಚ್ಚುತ್ತಿದ್ದರು, ಆಗಲೂ ಕೆಲವರಲ್ಲಿ ಕಾಣಿಸಿಕೊಂಡಿತು. ನಾವು ಬೇಕೆಂದು ಮಾಡಿ ನೋಡಲಾಗದ ಪ್ರಯೋಗವನ್ನು ರೋಗಿಗಳ ಮೈಯೇ ಮಾಡಿ ತೋರಿಸಿದೆ.

ಈಗ ಹಂತಗಳಿಗೆ ಬರುತ್ತೇನೆ. ನಿಮ್ಮಲ್ಲಿ ಒಬ್ಬರು ಮಾತು ಶುರುವಾಗುವ ಮೊದಲೇ ನನ್ನ ಹತ್ತಿರ ಬಂದು, ‘ಸಾರ್, ನಮ್ಮ ಅಣ್ಣನಿಗೆ ಎರಡನೇ ಸ್ಟೇಜ್ ಅಂತೆ, ಇನ್ನೆಷ್ಟು ದಿನ?’ ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು. ಅವರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

1961ರಲ್ಲಿ ಇಂಗ್ಲೆಂಡಿನ ಗೈ ಸ್ಕ್ಯಾಡಿಂಗ್ 136 ರೋಗಿಗಳನ್ನು ಐದು ವರ್ಷ ಗಮನಿಸಿ ಬರೆದರು. ಎಕ್ಸ್‌ರೇ ನೋಡಿ ಗುಂಪು ಮಾಡಿದರು. ನಾವು ಇವತ್ತಿಗೂ ಬಳಸುವುದು ಅದನ್ನೇ. ಎಕ್ಸ್‌ರೇ ಸರಿಯಾಗೇ ಇದ್ದರೆ ಸೊನ್ನೆ. ಬಾಗಿಲ ಗಂಟು ಮಾತ್ರ ಊದಿದ್ದರೆ ಒಂದು. ಗಂಟೂ ಊದಿದೆ, ಶ್ವಾಸಕೋಶದೊಳಗೂ ಚುಕ್ಕೆ ಇದೆ ಅಂದರೆ ಎರಡು. ಗಂಟಿಲ್ಲ, ಚುಕ್ಕೆ ಮಾತ್ರ ಇದೆ ಅಂದರೆ ಮೂರು. ಶ್ವಾಸಕೋಶ ಗಾಯ ಒಣಗಿ ನಾರುಗಟ್ಟಿದ್ದರೆ ನಾಲ್ಕು.

ಕ್ಯಾನ್ಸರ್‌ನಲ್ಲಿ ಸ್ಟೇಜ್ ಅಂದರೆ ರೋಗ ಎಷ್ಟು ಮುಂದುವರಿದಿದೆ ಅಂತ. ಇಲ್ಲಿ ಹಾಗಲ್ಲ. ಇದು ಮೆಟ್ಟಿಲಲ್ಲ. ಒಂದರಿಂದ ಎರಡು, ಎರಡರಿಂದ ಮೂರು ಅಂತ ಎಲ್ಲರೂ ಹತ್ತುವುದಿಲ್ಲ. ಒಂದರಲ್ಲಿ ಇದ್ದವರು ಹೆಚ್ಚಿನವರು ಅಲ್ಲಿಂದಲೇ ವಾಸಿಯಾಗಿ ಮನೆಗೆ ಹೋಗುತ್ತಾರೆ. ಕೆಲವರು ಮೊದಲ ಸಲ ಬರುವಾಗಲೇ ಮೂರರಲ್ಲಿ ಇರುತ್ತಾರೆ. ಎಕ್ಸ್‌ರೇ ತೆಗೆದ ದಿನ ಗೂಡುಗಳು ಎಲ್ಲೆಲ್ಲಿ ಕಾಣುತ್ತವೆ ಅನ್ನುವುದಷ್ಟೇ ಆ ನಂಬರ್ ಹೇಳುತ್ತದೆ. ಗೂಡಿನೊಳಗೆ ಕಣಗಳು ಬಿಸಿಯಾಗಿವೆಯೋ, ತಣ್ಣಗಾಗಿವೆಯೋ ಅದು ಹೇಳುವುದಿಲ್ಲ. ಅದಕ್ಕೆ ಉಸಿರಿನ ಪರೀಕ್ಷೆ ಬೇಕು, ಕೆಲವರಿಗೆ ಪೆಟ್ ಸ್ಕ್ಯಾನ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮೂರು ತಿಂಗಳು ಬಿಟ್ಟು ತೆಗೆದ ಇನ್ನೊಂದು ಫಿಲ್ಮ್ ಬೇಕು.

1999ರಲ್ಲಿ ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಸೇರಿ ಕೊಟ್ಟ ಲೆಕ್ಕ ಇದೆ. ಒಂದನೇ ಹಂತದವರಲ್ಲಿ ನೂರಕ್ಕೆ 55ರಿಂದ 90 ಜನರಿಗೆ ತಾನಾಗೇ ವಾಸಿ ಆಗುತ್ತದೆ. ಎರಡನೆಯದರಲ್ಲಿ 40ರಿಂದ 70. ಮೂರನೆಯದರಲ್ಲಿ 10ರಿಂದ 20. ನಾಲ್ಕರಲ್ಲಿ ಆಗುವುದಿಲ್ಲ, ನಾರಾದದ್ದು ಮತ್ತೆ ಶ್ವಾಸಕೋಶ ಆಗುವುದಿಲ್ಲ. ಅಣ್ಣನ ಬಗ್ಗೆ ಕೇಳಿದವರು ಆ ಎರಡನೇ ಸಾಲನ್ನು ನೋಡಿ. ಔಷಧಿಯೇ ಇಲ್ಲದೆ ನೂರಕ್ಕೆ 40ರಿಂದ 70. ಇನ್ನೆಷ್ಟು ದಿನ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಇನ್ನೊಂದು ವಿಚಿತ್ರ. ಬಹಳ ಜೋರಾಗಿ ಶುರುವಾಗುವವರಿಗೆ ಹಲವು ಸಲ ಬೇಗ ವಾಸಿ ಆಗುತ್ತದೆ. ಜ್ವರ, ಪಾದದ ಕೀಲು ಊತ, ಮೊಣಕಾಲ ಕೆಳಗೆ ಕೆಂಪಗೆ ನೋಯುವ ಗಂಟು, ಎಕ್ಸ್‌ರೇಯಲ್ಲಿ ಆಲೂಗೆಡ್ಡೆ. ಸ್ವೀಡನ್ನಿನ ಸ್ವೆನ್ ಲೋಫ್‌ಗ್ರೆನ್ ಇದನ್ನು ಗುರುತಿಸಿದರು, ಅವರ ಹೆಸರೇ ಇದೆ. ಅವರಲ್ಲೂ ಡಿಆರ್3 ಅನ್ನುವ ಪ್ರೋಟೀನು ಹುಟ್ಟಿನಿಂದ ಇರುವವರು ಹೆಚ್ಚಾಗಿ ಎರಡು ವರ್ಷದೊಳಗೆ ಪೂರ್ತಿ ಗುಣ ಆಗುತ್ತಾರೆ. ಕಣಗಳು ದಂಡೆತ್ತಿ ಬಂದವು, ಕೆಲಸ ಮುಗಿಸಿದವು, ಹೋದವು. ಸದ್ದಿಲ್ಲದೆ ಬಂದು ಕೂತವೇ ಕಷ್ಟ ಕೊಡುವುದು.

ಹಾಗೆ ಕೂತುಬಿಟ್ಟ ಒಬ್ಬರ ಬಗ್ಗೆ ಹೇಳಬೇಕು. ಚಿಕ್ಕಬಳ್ಳಾಪುರದ ಹತ್ತಿರ ಕಲ್ಲು ಕ್ವಾರಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. 56 ವಯಸ್ಸು. ಮೆಟ್ಟಿಲು ಹತ್ತಿದರೆ ಏದುಸಿರು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಅಂತ ಎಲ್ಲರೂ ಹೇಳಿದ್ದರು. ಹೇಳುವುದಕ್ಕೆ ಕಾರಣವೂ ಇದೆ. ನಾನು ಓದುವಾಗ ಕೆಜಿಎಫ್‌ನ ಗಣಿ ಕೆಲಸಗಾರರ ಫಿಲ್ಮುಗಳನ್ನು ನೋಡಿದ್ದೇನೆ. ಶ್ವಾಸಕೋಶದ ಮೇಲಿನ ಅರ್ಧದಲ್ಲಿ ಚುಕ್ಕೆ ಚುಕ್ಕೆ, ಬಾಗಿಲಲ್ಲಿ ಊದಿದ ಗಂಟು. ಸಾರ್ಕಾಯ್ಡ್ ಪಕ್ಕದಲ್ಲಿಟ್ಟರೆ ಎಷ್ಟೋ ಸಲ ಬೇರೆ ಮಾಡುವುದು ಕಷ್ಟ. 2001ರಲ್ಲಿ ಗಣಿ ಮುಚ್ಚಿತು, ಆದರೆ ಆ ಎದೆಗಳಲ್ಲಿ ಧೂಳು ಹಾಗೇ ಉಳಿಯಿತು. ಈ ಜಿಲ್ಲೆಗಳಲ್ಲಿ ಕೆಲಸ ಮಾಡುವ ವೈದ್ಯರು ಪ್ರತಿ ರೋಗಿಯನ್ನೂ ನೀವು ಯಾವ ಧೂಳಿನಲ್ಲಿ ಕೆಲಸ ಮಾಡಿದಿರಿ ಅಂತ ಕೇಳಲೇಬೇಕು.

ಇವರ ಹೆಂಡತಿ ಒಂದು ಹಳೆಯ ಫಿಲ್ಮ್ ಜೋಪಾನ ಮಾಡಿಟ್ಟಿದ್ದರು. 12 ವರ್ಷದ ಹಿಂದಿನದು, ಕ್ವಾರಿಗೆ ಸೇರುವ ಮೊದಲಿನದು. ಅದರಲ್ಲಿ ಎರಡೂ ಕಡೆ ಆಲೂಗೆಡ್ಡೆ ಚೆನ್ನಾಗಿ ಕಾಣುತ್ತಿತ್ತು. ಹೊಸ ಫಿಲ್ಮಿನಲ್ಲಿ ಅವು ಮಾಯ. ‘ಗೆಡ್ಡೆ ಕರಗಿದೆಯಲ್ಲ ಸಾರ್, ಒಳ್ಳೇದೇ ಅಲ್ವಾ?’ ಅಂತ ಆ ತಾಯಿ ಕೇಳಿದರು. ಗೆಡ್ಡೆ ಹೋಗಿತ್ತು, ಅದರ ಜಾಗದಲ್ಲಿ ಮೇಲ್ಭಾಗದ ಶ್ವಾಸಕೋಶ ಸೆಳೆದುಕೊಂಡು, ಎಳೆ ಎಳೆಯಾಗಿ ಮೇಲಕ್ಕೆ ಎತ್ತಿಕೊಂಡಿತ್ತು. ನಾಲ್ಕನೇ ಹಂತ. ಅವರಿಗೆ ಉತ್ತರ ಹೇಳುವುದು ನನಗೆ ಬಹಳ ಕಷ್ಟ ಆಯಿತು.

ಹೊರಗಿನ ಸುತ್ತಿನ ನಾರು ನೇಯುವವರನ್ನು ನೆನಪಿಡಿ ಅಂದಿದ್ದೆನಲ್ಲ. ಇಲ್ಲಿ ಅವರ ಕೆಲಸ ಕಾಣುತ್ತದೆ. ವರ್ಷಗಟ್ಟಲೆ ಗೂಡು ಹಾಗೇ ಇದ್ದರೆ ಮ್ಯಾಕ್ರೋಫೇಜ್‌ಗಳ ಗುಣ ಬದಲಾಗುತ್ತದೆ. ಹೊಡೆದಾಡುವುದು ಬಿಟ್ಟು ಗಾಯ ಮುಚ್ಚಲು ಹೋಗುತ್ತವೆ. ಟಿಜಿಎಫ್-ಬೀಟಾ ಅನ್ನುವ ಸಂದೇಶ ಬಿಡುತ್ತವೆ. ಫೈಬ್ರೋಬ್ಲಾಸ್ಟ್‌ಗಳು ಕೊಲಾಜೆನ್ ಅನ್ನುವ ನಾರು ನೇಯುತ್ತವೆ. ಆಗ ಶ್ವಾಸಕೋಶ ತೊಳೆದ ನೀರಿನಲ್ಲೂ ಲೆಕ್ಕ ಬದಲಾಗಿರುತ್ತದೆ. ಮೊದಲಿನ ಸಿಡಿ4 ಜಾತ್ರೆ ಇಳಿದಿರುತ್ತದೆ, ನೂರಕ್ಕೆ ಮೂರಕ್ಕಿಂತ ಕಡಿಮೆ ಇರಬೇಕಾದ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಏರಿರುತ್ತದೆ. ನ್ಯೂಟ್ರೋಫಿಲ್ ಏರಿದರೆ ನಾವು ಹುಷಾರಾಗುತ್ತೇವೆ. ದೊಡ್ಡ ಗೆಡ್ಡೆಗಿಂತ ಆ ಸಣ್ಣ ಎಳೆಗಳೇ ನನ್ನ ನಿದ್ದೆ ಕೆಡಿಸುತ್ತವೆ.

ಔಷಧಿಯ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ತೊಂದರೆ ಇಲ್ಲದ ಒಂದನೇ ಹಂತದವರಿಗೆ ಔಷಧಿ ಬೇಡ, ಗಮನ ಬೇಕು. ಉಸಿರು ಕಟ್ಟುತ್ತಿದ್ದರೆ, ಕಣ್ಣು, ಹೃದಯ, ನರಕ್ಕೆ ತಾಗಿದ್ದರೆ ಕೊಡಲೇಬೇಕು. ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್, ಶ್ವಾಸಕೋಶಕ್ಕೆ ಸಾಮಾನ್ಯವಾಗಿ ದಿನಕ್ಕೆ 20ರಿಂದ 40 ಮಿಲಿಗ್ರಾಂ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುವುದು. ತಾವಾಗೇ ಒಮ್ಮೆಗೇ ನಿಲ್ಲಿಸಬಾರದು. ಸ್ಟೆರಾಯ್ಡ್‌ನಿಂದ ಸಕ್ಕರೆ ಕಾಯಿಲೆ ಏರುತ್ತದೆ, ಮೂಳೆ ಸವೆಯುತ್ತದೆ, ಅದಕ್ಕೇ ಸ್ಟೆರಾಯ್ಡ್ ಅಲ್ಲದ ಮೆಥೊಟ್ರೆಕ್ಸೇಟ್ ಕೂಡ ಬಳಸುತ್ತೇವೆ. 2025ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದ ಒಂದು ಪ್ರಯೋಗ ಮೊದಲಿಗೇ ಮೆಥೊಟ್ರೆಕ್ಸೇಟ್ ಕೊಟ್ಟರೂ ಶ್ವಾಸಕೋಶದ ಶಕ್ತಿ ಸ್ಟೆರಾಯ್ಡ್‌ನಷ್ಟೇ ಸುಧಾರಿಸುತ್ತದೆ ಅಂತ ತೋರಿಸಿತು. ಆಶಾ ಅಕ್ಕಂದಿರೇ, ಇದನ್ನು ದಯವಿಟ್ಟು ಬರೆದುಕೊಳ್ಳಿ: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇವೆಲ್ಲಕ್ಕೂ ಬಗ್ಗದವರಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಇದೆ. ಆದರೆ ಟಿಬಿ ರೋಗಾಣುವನ್ನು ಗೋಡೆಯೊಳಗೆ ಹಿಡಿದಿಡುವುದೂ ಇದೇ ಟಿಎನ್‌ಎಫ್. ಗೂಡು ಬಿಚ್ಚುವ ಔಷಧಿ ಎಲ್ಲ ಗೂಡನ್ನೂ ಬಿಚ್ಚುತ್ತದೆ. ನಮ್ಮ ಸೀಮೆಯಲ್ಲಿ ಅದನ್ನು ಕೊಡುವ ಮೊದಲು ಮಲಗಿರುವ ಟಿಬಿಯನ್ನು ಹುಡುಕಲೇಬೇಕು.

ಇನ್ನೊಂದು, ವಿಟಮಿನ್ ಡಿ. ಮೊದಲು ಹೇಳಿದ ಆ ಹೆಣ್ಣುಮಗಳು ಸುಸ್ತು ಅಂತ ಮೆಡಿಕಲ್ ಶಾಪಿನಿಂದ 60,000 ಯೂನಿಟ್‌ನ ಪುಡಿ ತಂದು ವಾರವಾರ ಕುಡಿಯುತ್ತಿದ್ದರು. ಗೂಡಿನೊಳಗಿನ ಮ್ಯಾಕ್ರೋಫೇಜ್‌ಗಳು ವಿಟಮಿನ್ ಡಿಯನ್ನು ಅದರ ಖಾರವಾದ ರೂಪಕ್ಕೆ ಬದಲಾಯಿಸುತ್ತವೆ. ಮೂತ್ರಪಿಂಡಕ್ಕೆ ಇರುವ ಕಡಿವಾಣ ಅವಕ್ಕಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಿಪರೀತ ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಮೂತ್ರ, ಮಲಬದ್ಧತೆ. ಆಕೆಗೆ ಈ ಮೂರೂ ಇದ್ದವು, ಯಾರೂ ಕೇಳಿರಲಿಲ್ಲ. ಪುಡಿ ನಿಲ್ಲಿಸಿದ ಮೇಲೆ ಅರ್ಧ ಸುಸ್ತು ಹೋಯಿತು.

ಕೊನೆಯಲ್ಲಿ ಪ್ರಶ್ನೆಗಳು ಬಂದವು. ಅಂಟುತ್ತಾ ಅಂತ ಹಿಂದಿನ ಸಾಲಿನ ಅಮ್ಮ ಕೇಳಿದರು. ಇಲ್ಲಮ್ಮ, ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು, ಮಗುವಿಗೆ ಮುತ್ತು ಕೊಡಬಹುದು. ಟಿಬಿ ಪಟ್ಟಿಯಲ್ಲಿರುವವರಲ್ಲಿ ಇಂಥವರನ್ನು ನಾವು ಹೇಗೆ ಗುರುತಿಸಬೇಕು ಅಂತ ಒಬ್ಬ ಆಶಾ ಅಕ್ಕ ಕೇಳಿದರು. ನೀವು ಗುರುತಿಸಬೇಕಿಲ್ಲ, ಅನುಮಾನ ಪಟ್ಟರೆ ಸಾಕು. ಕಫದಲ್ಲಿ ಎಂದೂ ಟಿಬಿ ಸಿಕ್ಕಿಲ್ಲ, ಮಾತ್ರೆ ಸರಿಯಾಗಿ ನುಂಗಿದ್ದಾರೆ, ಆದರೂ ಎರಡು ಮೂರು ತಿಂಗಳಿಗೆ ಏನೂ ಬದಲಾಗಿಲ್ಲ ಅಂದರೆ ಮೆಡಿಕಲ್ ಕಾಲೇಜಿನ ಶ್ವಾಸಕೋಶ ವಿಭಾಗಕ್ಕೆ ಕಳಿಸಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಕಣ್ಣು ಕೆಂಪಾಗಿ ಮಂಜಾಗಿದ್ದರೆ, ಎದೆ ಬಡಿತ ತಪ್ಪುತ್ತಿದ್ದರೆ ಅವತ್ತೇ ಕಳಿಸಿ. ಹಳೆಯ ಫಿಲ್ಮ್ ಎಷ್ಟೇ ಹಳೆಯದಿರಲಿ, ಎಸೆಯಬೇಡಿ ಅಂತ ಹೇಳಿ.

ಆ ಹೆಣ್ಣುಮಗಳು ಈಗ ಹೇಗಿದ್ದಾರೆ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆಕೆಗೆ ನಾನು ಸ್ಟೆರಾಯ್ಡ್ ಕೊಡಲಿಲ್ಲ. ಉಸಿರಿನ ಪರೀಕ್ಷೆ ಸರಿಯಾಗಿತ್ತು. ಮೂರು ಮೂರು ತಿಂಗಳಿಗೆ ಬಂದು ಫಿಲ್ಮ್ ತೆಗೆಸಿದರು. ಒಂದೂವರೆ ವರ್ಷದ ಹೊತ್ತಿಗೆ ಬಲಗಡೆಯ ಗೆಡ್ಡೆ ಹೋಗಿತ್ತು. ಎಡಗಡೆ ಗೋಲಿಯಷ್ಟು ಉಳಿದಿತ್ತು. ಶ್ವಾಸಕೋಶದೊಳಗೆ ಒಂದೂ ಎಳೆ ಇರಲಿಲ್ಲ. ‘ಒಳಗೆ ಏನಿತ್ತು ಸಾರ್, ಕೊನೆಗೂ?’ ಅಂತ ಕೇಳಿದರು. ಏನೂ ಸಿಗಲಿಲ್ಲಮ್ಮ ಅಂದೆ. ಸ್ವಲ್ಪ ಹೊತ್ತು ಬೆಳಕಿನ ಪೆಟ್ಟಿಗೆಯನ್ನೇ ನೋಡಿ, ಫಿಲ್ಮುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಕವರಿಗೆ ಹಾಕಿಕೊಂಡರು. ಮುಂದಿನ ಫಿಲ್ಮ್ ಸಂಕ್ರಾಂತಿ ಕಳೆದ ಮೇಲೆ.